ಮರ್ಡೀನಾಳ ಒಂಬತ್ತು ಸೊನ್ನೆ

ಗ್ಲೇಸ್ ಬೇ ಊರಿನಲ್ಲಿ ಬಿರುಗಾಳಿಗೆ ಸೂರು ಹಾರಿಹೋದವನನ್ನು ಹೇಗಿದ್ದೀಯ ಅಂತ ಕೇಳಿ, "ಪರವಾಗಿಲ್ಲ" ಅನ್ನುತ್ತಾನೆ. ಕಲ್ಲಿದ್ದಲ ಗಣಿ ಮುಚ್ಚಿದಾಗ ಅಪ್ಪಂದಿರೂ ಅದನ್ನೇ ಅಂದರು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದ ಮರ್ಡೀನಾ ಮೆಕ್‌ಸ್ವೀನ್ ಅಂಥ ಅಪ್ಪನ ಮಗಳು.

ಹನ್ನೊಂದು ವರ್ಷದಿಂದ ಅವಳಿಗೆ ಕ್ರೋನ್ಸ್, ಕರುಳಿನ ಉರಿಯೂತ. ಎಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೂತು ಡ್ರಿಪ್ ಹಾಕಿಸಿಕೊಳ್ಳಬೇಕು. ಹೊಸ ಔಷಧಿ ಹಿಡಿಸಿತ್ತು, ರಕ್ತದಲ್ಲಿ ಉರಿಯೂತದ ಅಂಕಿ ಇಳಿದಿತ್ತು. "ಇನ್ನೇನು, ಗೆದ್ದಿರಿ" ಅಂದಿದ್ದರು ಡಾಕ್ಟರು, ಕಂಪ್ಯೂಟರಿನಿಂದ ಕಣ್ಣೆತ್ತದೆ. ಅಂಕಿ ಇಳಿದರೆ ಬದುಕು ಏರಿತು ಎಂದು ಇವರಿಗೆ ಕಲಿಸಿದವರು ಯಾರೋ! ಗೆದ್ದವಳು ಬೆಳಿಗ್ಗೆ ಎದ್ದು ತಲೆ ಬಾಚುವುದನ್ನೇ ಬಿಟ್ಟಿದ್ದಳು. ಚರ್ಚಿನ ಸಭಾಂಗಣದಲ್ಲಿ ಗುರುವಾರ ಆಡುವ ಟಾರ್ಬಿಶ್ ಬಿಟ್ಟು ನಾಲ್ಕು ತಿಂಗಳಾಗಿತ್ತು.

ಟಾರ್ಬಿಶ್ ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟು. ಜೊತೆಗಾರ ಬಾರದಿದ್ದರೆ ಇನ್ನೊಬ್ಬರಿಗೂ ಆಟವಿಲ್ಲ. ಅವಳ ಜೋಡಿ ಫ್ಲೋರಾ ಬೇರೆಯವರೊಡನೆ ಕೂರಲೊಲ್ಲದೆ, ಎಲ್ಲರಿಗೂ ಟೀ ಹಂಚಿ ಮನೆಗೆ ಹೋಗುತ್ತಿದ್ದಳು.

ಈ ಸಲ ಆಸ್ಪತ್ರೆಗೆ ಕಾರಿನಲ್ಲಿ ಕರೆತಂದವಳೂ ಫ್ಲೋರಾಳೇ. ನರ್ಸ್ ಯೋಲಾಂಡ್ ಡ್ರಿಪ್ ಹಾಕಿ ಒಂದು ಹಾಳೆ ಕೊಟ್ಟಳು. ಮುಂಬದಿಯ ತುಂಬ ಹೊಟ್ಟೆಯ ವಿಚಾರ. ಮನಸ್ಸಿನ ಒಂಬತ್ತು ಪ್ರಶ್ನೆ ಹಿಂಬದಿಗೆ, ಯಾರೂ ಓದದ ಕಡೆ. ಸೊನ್ನೆ ಅಂದರೆ ಇಲ್ಲವೇ ಇಲ್ಲ, ಮೂರು ಅಂದರೆ ಹೆಚ್ಚುಕಮ್ಮಿ ದಿನವೂ. ಮರ್ಡೀನಾ ಓದದೆಯೇ ಒಂಬತ್ತು ಸೊನ್ನೆ ಸುತ್ತಿದಳು.

ಫ್ಲೋರಾ ಬಗ್ಗಿ ನೋಡಿದಳು. "ಯಾವುದರಲ್ಲೂ ಆಸಕ್ತಿ ಇಲ್ಲವೇ ಅಂದ್ರೆ ಸೊನ್ನೆಯೇನೇ?"

"ಪರವಾಗಿಲ್ಲ ಕಣೇ ನಂಗೆ."

"ನಿಂಗೆ ಪರವಾಗಿಲ್ಲ. ನಾನು ಹದಿನಾರು ಗುರುವಾರ ಟೀ ಸೋಸಿದ್ದೀನಿ. ಜೋಡಿಯಾಗ್ತೀನಿ ಅಂತ ಆ ಮುದುಕ ಆಲೆಕ್ ಬೇರೆ ಗಂಟುಬಿದ್ದಿದ್ದಾನೆ. ಅವನಿಗೆ ಗುಲಾಮ ಯಾವುದು, ರಾಣಿ ಯಾವುದು ಗೊತ್ತಾಗಲ್ಲ."

ಮರ್ಡೀನಾಗೆ ನಗು ಬಂತು. ನಗು ನಿಂತ ಮೇಲೆ ಅಂದಳು, "ಅವತ್ತು ಆಟದ ಮಧ್ಯೆ ಟಾಯ್ಲೆಟ್ಟಿಗೆ ಓಡಿದ್ನಲ್ಲ, ಎಲ್ಲರೂ ಎಲೆ ಮಡಚಿ ಕಾದರು. ಆಮೇಲೆ ಮನೇಲಿ ಕೂತೆ. ಕೂತವಳಿಗೆ ಏಳೋಕೇ ಆಗ್ತಿಲ್ಲ ಫ್ಲೋರಾ. ಹೊಟ್ಟೆ ಸರಿಹೋಯ್ತು, ನಾನು ಸರಿಹೋಗ್ಲಿಲ್ಲ."

"ನಂಗೆ ಹೇಳಿದ್ದನ್ನ ಆ ಕಾಗದಕ್ಕೂ ಹೇಳು."

ಪೆನ್ನು ಎರಡು ಸಲ ನಿಂತಿತು. ಸೊನ್ನೆಗಳ ಮೇಲೆ ಗೀಟು ಬಿತ್ತು. ಮೂರು, ಮೂರು, ಎರಡು, ಮತ್ತೆ ಮೂರು.

ಯೋಲಾಂಡ್ ನಿಂತೇ ಓದಿದಳು, ಆಮೇಲೆ ಸ್ಟೂಲು ಎಳೆದು ಕೂತಳು. "ಹೋದ ಸಲವೂ ಸೊನ್ನೆ ಕೊಟ್ರಿ, ನಾನೂ ಸುಮ್ಮನೆ ಫೈಲಿಗೆ ಹಾಕಿಬಿಟ್ಟೆ. ತಪ್ಪು ನಂದೂ ಇದೆ. ಈ ಕಾಯಿಲೆ ಇರೋರಲ್ಲಿ ಖಿನ್ನತೆ ಎಷ್ಟೋ ಜನಕ್ಕೆ ಬರುತ್ತೆ. ಇದಕ್ಕೂ ಚಿಕಿತ್ಸೆ ಇದೆ." ಮಂಗಳವಾರಕ್ಕೇ ಆಪ್ತಸಮಾಲೋಚಕಿಯ ಸಮಯ ಗೊತ್ತುಮಾಡಿಸಿ ಎದ್ದಳು.

ಎರಡು ತಿಂಗಳ ಮೇಲೆ ಒಂದು ಗುರುವಾರ ಮರ್ಡೀನಾ ತಲೆ ಬಾಚಿಕೊಂಡು ಚರ್ಚಿನ ಸಭಾಂಗಣಕ್ಕೆ ಬಂದಳು. ಫ್ಲೋರಾ ತಮ್ಮಿಬ್ಬರ ಮೇಜನ್ನು ಟಾಯ್ಲೆಟ್ಟಿನ ಬಾಗಿಲ ಪಕ್ಕಕ್ಕೇ ಎಳೆಸಿದ್ದಳು. ಮೂರನೇ ಆಟದಲ್ಲಿ ಮರ್ಡೀನಾ ಎಲೆಗಳನ್ನು ಬೋರಲು ಹಾಕಿ ಎದ್ದಳು. "ಯಾರೂ ಇಣುಕಬೇಡಿ."

ವಾಪಸು ಬಂದಾಗ ಎದುರು ಜೋಡಿಯ ಆಲೆಕ್ ಕೇಳಿದ, "ಹೇಗಿದ್ದೀಯಮ್ಮ?"

"ಇವತ್ತು ಎರಡು."

ಆಲೆಕ್ ಕಣ್ಣುಕಣ್ಣು ಬಿಟ್ಟ.

"ಹೋದ ವಾರ ಮೂರಿತ್ತು," ಅಂದಳು ಫ್ಲೋರಾ. "ಎಲೆ ಹಾಕು."