ಗಂಗೆಯ ತವರು ಹುಡುಕುತ್ತ

ಹೊನ್ನಾವರದಲ್ಲಿ ಲಾಂಚಿಗೆ ಕಾದು, ಹೊಳೆ ದಾಟಿ, ಬಸ್ಸು ಹಿಡಿದು ಶಿರಾಲಿಯ ಪುರೋಹಿತ ಭಟ್ಟರ ಜಗಲಿಗೆ ಬಂದು ಕೂತಿದ್ದೇನೆ. ಕುಮಟೆಯಲ್ಲಿ ಹಾಸಿಗೆ ಹಿಡಿದಿರುವ ಅಮ್ಮನದು ಒಂದೇ ಹಟ: ತನ್ನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡ ತಾಯಿಯ ತವರುಮನೆ ಯಾವುದೆಂದು ತಿಳಿಯಬೇಕು. ತಾಯಿಯ ಹೆಸರು ಗಂಗೆ, ಊರು ಶಿರಾಲಿ. ಹೆಚ್ಚಿಗೆ ಹೇಳುವವರು ಯಾರೂ ಉಳಿದಿಲ್ಲ.

ಹಳೆಯ ಜನಗಣತಿಯಲ್ಲಿ ತಲೆ ಎಣಿಕೆ ಸಿಗುತ್ತದೆ, ಹೆಸರು ಸಿಗುವುದಿಲ್ಲ ಎಂದು ಕಚೇರಿಯಲ್ಲಿ ಕೈಯಲ್ಲಾಡಿಸಿಬಿಟ್ಟರು. ಉಳಿದದ್ದು ಭಟ್ಟರ ಮನೆತನದವರು ತಲೆತಲಾಂತರದಿಂದ ಮಾಡಿಸಿದ ಮದುವೆಗಳನ್ನು ಬರೆದಿಟ್ಟ ಪುಸ್ತಕ. ಅದರಲ್ಲಿ ಗಂಗೆಯೇ ಇಲ್ಲ.

ಬೆಲ್ಲ ನೀರು ತಂದ ಭಟ್ಟರ ಹೆಂಡತಿ ನಕ್ಕರು. "ಗಂಗೆ ಗಂಡನ ಮನೆಯಲ್ಲಿ ಇಟ್ಟ ಹೆಸರಲ್ದಾ ತಮಾ? ತವರಲ್ಲಿ ಎಂತ ಹೆಸರಿತ್ತು?"

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ನಮ್ಮ ಪದ್ಧತಿ ನನಗೇನೂ ಹೊಸದಲ್ಲ. ಆದರೂ ಅಜ್ಜಿಗೆ ಇನ್ನೊಂದು ಹೆಸರಿತ್ತೆಂದು ಹೊಳೆದೇ ಇರಲಿಲ್ಲ. ಕುಮಟೆಯ ಸುಬ್ರಾಯ ಎಂದು ಅಜ್ಜನ ಹೆಸರು ಹಿಡಿದು ಹುಡುಕಿದೆವು. ಕುಮಟೆಯಲ್ಲಿ ಸುಬ್ರಾಯರಿಗೇನು ಬರವೇ? ಒಬ್ಬ ಸುಬ್ರಾಯನಿಗೆ ದೇವಕಿಯನ್ನು ಕೊಟ್ಟಿದ್ದಾರೆ, ಇನ್ನೊಬ್ಬನಿಗೆ ಸುಭದ್ರೆಯನ್ನು. ಇವರಲ್ಲಿ ಗಂಗೆಯಾದವಳು ಯಾರು? ಅಮ್ಮನಿಗೆ ಯಾವ ಮನೆ ಹೇಳಲಿ?

ಭಟ್ಟರೂ ತಲೆ ಕೆರೆದುಕೊಂಡರು. ಆಮೇಲೆ ಏನನ್ನಿಸಿತೋ, ಹೆಂಡತಿಯತ್ತ ತಿರುಗಿ, "ಹೌದೇ, ನಿಂಗೆ ತವರಲ್ಲಿ ಎಂತ ಹೆಸರಿತ್ತೇ?" ಎಂದರು.

"ಈಗ ಎಂತಕ್ಕೆ ಅದು?" ಎಂದು ಅವರು ಖಾಲಿ ಚೊಂಬು ಎತ್ತಿಕೊಂಡು ಒಳಗೆ ಹೋದರು.

ಭಟ್ಟರು ನನ್ನ ಸುಬ್ರಾಯರನ್ನು ಅಲ್ಲೇ ಬಿಟ್ಟು, ತಮ್ಮ ಮದುವೆಯ ಪುಟ ಹುಡುಕತೊಡಗಿದರು.