ಕಲೂರಿನ ಹುಡುಗಿಯರ ಖರ್ಜೂರ

ನಾನು ಚಿಕ್ಕವಳಿದ್ದಾಗ ಕಲೂರಿನ ನಮ್ಮ ಕ್ವಾರ್ಟರ್ಸ್‌ನಲ್ಲಿ ಫುಟ್‌ಬಾಲ್ ಆಡುವ ಎಲ್ಲ ಮಕ್ಕಳಿಗೂ ಸಂಜೆ ಮೊಟ್ಟೆ, ಬಾಳೆಹಣ್ಣು ಕೊಡುತ್ತೇವೆ ಎಂದು ಅಲ್ಲಿನ ಸಂಘದವರು ಹೇಳಿದ್ದರು. ಹುಡುಗರಿಗೆ ಕೊಟ್ಟರು. ಹುಡುಗಿಯರಾದ ನಮಗೆ ಕೊಡಲಿಲ್ಲ. ಬಳಲಿ ಕುಳಿತರೆ, "ಹೆಣ್ಮಕ್ಳಿಗೆ ದಮ್ಮಿಲ್ಲ ಕಣ್ರೀ, ತಂಡವೇ ಬೇಡ" ಎಂದರು ಸಂಘದ ಕಾರ್ಯದರ್ಶಿ, ಮೈಸೂರು ಕಡೆಯವರು.

ಇವತ್ತು ಅಂಗಡಿಯವನು ಖರ್ಜೂರದ ಪೆಟ್ಟಿಗೆ ತೆರೆದಾಗ, ಆ ಬೆಲ್ಲದಂಥ ವಾಸನೆಗೆ ಇದೆಲ್ಲ ನೆನಪಿಗೆ ನುಗ್ಗಿ ಬಂತು.

ಅದು ನೋಂಬಿನ, ಅಂದರೆ ಮುಸ್ಲಿಮರ ಉಪವಾಸದ ತಿಂಗಳು. ಪಕ್ಕದ ಮನೆಯ ಆಮಿನಾ ಅಕ್ಕ, ನಮ್ಮೆಲ್ಲರ ಬಾಯಲ್ಲಿ 'ಆಮಿನಾ ಇತ್ತ', ಉಪವಾಸ ಬಿಡುವ ಹೊತ್ತಿಗೆ ಖರ್ಜೂರದ ಡಬ್ಬಿ ಹಿಡಿದು ಮೈದಾನಕ್ಕೇ ಬಂದರು. ಎದುರಿಗಿದ್ದವರಿಗೆ ಕೊಡದೆ ತಿನ್ನುವವರಲ್ಲ ಅವರು.

"ಇದರಲ್ಲಿ ಎಂತೆಲ್ಲ ಉಂಟು ಗೊತ್ತುಂಟಾ?" ಎಂದು ಅಲ್ಲೇ ನಿಂತಿದ್ದ ಕಾರ್ಯದರ್ಶಿಯನ್ನು ಕೇಳಿದಳು, ನನ್ನನ್ನು ಕರೆದೊಯ್ಯಲು ಬಂದಿದ್ದ ಕಾಸರಗೋಡಿನ ನನ್ನಮ್ಮ. "ಸಿಹಿ ಬೇಗ ಶಕ್ತಿ ಕೊಡ್ತದೆ, ನಾರು ಹೊಟ್ಟೆಗೆ ಒಳ್ಳೇದು. ಆದ್ರೆ ಆಡುವ ಮಕ್ಕಳಿಗೆ ಇದೊಂದೇ ಸಾಕಾಗುದಿಲ್ಲ. ಸೊಪ್ಪು, ಬೇಳೆ, ಮೊಟ್ಟೆ ಎಲ್ಲ ಬೇಕು."

ಆಮಿನಾ ಇತ್ತ ಕೊಟ್ಟ ಎರಡು ದಪ್ಪ ಖರ್ಜೂರಗಳನ್ನು ಕಾರ್ಯದರ್ಶಿ ಒಟ್ಟಿಗೇ ಬಾಯಿಗೆ ಹಾಕಿಕೊಂಡರು. ಹಲ್ಲಿಗೆ ಅಂಟಿ ಮಾತು ನಿಂತಿತು. ಅಮ್ಮ ಬಿಡುವವಳೇ?

"ನಾಳೆಯಿಂದ ಹುಡುಗಿಯರಿಗೂ ಮೊಟ್ಟೆ ಕೊಡ್ಬೇಕು. ಆಗುದಿಲ್ಲ ಅಂತಾದ್ರೆ ಈಗಲೇ ಹೇಳಿ!"

ಅವರು ಅಗಿಯುತ್ತಲೇ ಇದ್ದರು. "ಸಮ್ಮದಿಚ್ಚು, ಒಪ್ಪಿದ್ರು!" ಎಂದು ಆಮಿನಾ ಇತ್ತ ಕೂಗಿದರು. ನಾವು ಮೈದಾನ ನಡುಗುವಂತೆ ಕಿರುಚಿದೆವು. ಕಾರ್ಯದರ್ಶಿಯೂ ನಕ್ಕುಬಿಟ್ಟರು. ಮರುದಿನ ಮೊಟ್ಟೆ ಬಂತು, ತಂಡ ಉಳಿಯಿತು.

ಈಗ ನಾನಿರುವ ಶ್ರೀಕಾರ್ಯಂನ ನಮ್ಮ ಬಡಾವಣೆಯಲ್ಲೂ ಹುಡುಗಿಯರ ಆಟ ನಿಲ್ಲಿಸುವ ಮಾತು ಎದ್ದಿದೆ. ತಾಯಂದಿರೆಲ್ಲ ಬನ್ನಿ. ಇದರ ಬಗ್ಗೆ ಸಭೆ ಭಾನುವಾರ, ಸಂಜೆ ಐದು ಗಂಟೆಗೆ, ಬಡಾವಣೆಯ ಮೈದಾನದಲ್ಲಿ.