ದೋಣಿ ಎಂಜಿನ್ನಿನ ಮೂರು ಹೊಗಿ

ಒಂದು ಹಳೇ ದೋಣಿಯ ಡೀಸೆಲ್ ಎಂಜಿನ್ ಚಲೋ ಐತೋ ಕೆಟ್ಟೈತೋ ಅಂತ ನೋಡಾಕ ನಾವು ಬೆಟಗೇರಿಯಿಂದ ಹೊಳಿದಂಡಿಗೆ ಹೋದದ್ದು ಎಂಬತ್ತನೇ ಇಸವಿ ಆಚೀಚಿಗೆ. ಮಾವನವರು, ನಮ್ಮ ಮನಿಯವರು, ಮತ್ತ ನಾನು. ಮೂವರೂ ನೇಕಾರರು. ಮೂವರೊಳಗ ಒಬ್ಬರಿಗೂ ಎಂಜಿನ್ ಅಂದ್ರ ಏನಂತ ಗೊತ್ತಿದ್ದಿಲ್ಲ. ಹಿಟ್ಟಿನ ಗಿರಣಿಯಾಗ ಡುಗುಡುಗು ಅನ್ನೂದು ಕೇಳಿದ್ವಿ, ಅಷ್ಟ. ಈಗ ಹೇಳೂ ಮುಂದ ನನಗ ನಗು ಬರ್ತೈತಿ. ಅವತ್ತು ಮಾತ್ರ ನಗೂವಂಥಾ ದಿನ ಅಲ್ಲ.

ಹಿಂದಿನ ವರ್ಷ ಪವರ್‌ಲೂಮಿನ ತಿರುಗೂ ಪಟ್ಟಾದಾಗ ನಮ್ಮ ಮನಿಯವರ ಬಲಗೈ ಸಿಕ್ಕಿತ್ತು. ಕೈ ಉಳೀತು, ಆದ್ರ ಮೂರು ಬೆರಳು ಮಡಚದಂಗ ಆದ್ವು. ಲಾಳಿಯ ಹಗ್ಗ ಜಗ್ಗಾಕ ಬರೂದಿಲ್ಲ ಅಂದ ಮ್ಯಾಲ ಕೈಮಗ್ಗಕ್ಕೂ ಬೇಡಾದ್ರು. ಮನ್ಯಾಗ ಕಂಡಿಕಿ ಸುತ್ತಾಕ ಕುಂತ್ರು. ನಮ್ಮಲ್ಲಿ ನೂಲನ್ನ ಕಂಡಿಕಿಗೆ ಸುತ್ತೂದು ಹೆಂಗಸರ, ಹುಡುಗರ ಕೆಲಸ. ಓಣ್ಯಾಗ ಯಾರರ ಗಂಡಸರು ಬಂದ್ರ ಇವರು ರಾಟಿ ಸರಿಸಿ ಎದ್ದು ಒಳಗ ಹೋಗಿಬಿಡತಿದ್ರು. ಮಾತಂತೂ ನಿಂತ ಹೋಗಿತ್ತು. ಏನು ಕೇಳಿದ್ರೂ ಒಂದು ‘ಹೂಂ’. ನನಗ ಸಿಟ್ಟು ಮೂಗಿನ ತುದಿಯಾಗಿರ್ತೈತಿ, ಆದ್ರ ಆ ‘ಹೂಂ’ ಮ್ಯಾಲ ಹ್ಯಾಂಗ ಸಿಟ್ಟಾಗೂದು? ಗ್ವಾಡಿ ಕಡೆ ಮಾರಿ ಮಾಡಿ ಅತ್ತು ಸುಮ್ಮನಾಗತಿದ್ದೆ.

ಮುಂಡರಗಿ ನನ್ನ ತವರು. ನಮ್ಮಣ್ಣ ಅಲ್ಲಿ ಅರಿವಿ ಗಂಟು ಕಟ್ಟಿಕೊಂಡು ಹೊಳಿಯ ಆ ಕಡೆ ಈ ಕಡೆ ಸಂತಿ ಮಾಡತಿದ್ದ. ದೋಣಿಯ ಖಬರ ತಂದಾಂವ ಅವನೇ. ಹೊಳಿದಂಡಿ ಊರಾಗ ಒಬ್ಬ ಯಜಮಾನ ಎಂಜಿನ್ ಕೂಡ್ರಿಸಿದ ದೋಣಿ ಇಟ್ಟಾನ, ಮಂದಿ, ಸೈಕಲ್ಲು, ಆಡು, ಕಾಳಿನ ಚೀಲ ದಾಟಸ್ತಾನ, ಈಗ ಹಿಟ್ಟಿನ ಗಿರಣಿ ಹಾಕ್ಯಾನ, ಅದಕ್ಕ ದೋಣಿ ಮಾರ್ತಾನ. ಹೊಳಿಯ ಸುಳಿ, ಸೆಳವು ಎಲ್ಲಾ ತಾನ ಕಲಸಿ ಕೊಡ್ತೀನಿ ಅಂದಾನ. “ಚುಕ್ಕಾಣಿ ಹಿಡ್ಯಾಕ ಒಂದು ಕೈ ಸಾಕ ಭಾವಾ,” ಅಂದ ನಮ್ಮಣ್ಣ ಇವರಿಗೆ. ಅವತ್ತು ರಾತ್ರಿ ಊಟಕ್ಕ ಕುಂತಾಗ ಇವರು ಇನ್ನೊಂದು ರೊಟ್ಟಿ ಹಾಕು ಅಂದ್ರು. ಎಷ್ಟು ದಿನದ ಮ್ಯಾಲ ಬಾಯಿಬಿಟ್ಟು ಕೇಳಿದ್ರೋ ಏನೋ. ನಾ ಒಲಿ ಮುಂದ ಕುಂತು, ದೇವ್ರ, ಆ ಎಂಜಿನ್ ಒಂದು ಚಲೋ ಇರಲಪ್ಪ ಅಂತ ಬೇಡಿಕೊಂಡೆ. ನಮ್ಮ ಕಡೆ ಇದ್ದದ್ದೆಲ್ಲಾ ಅದಕ್ಕ ಹಾಕೂದಿತ್ತು. ಅದು ಕೆಟ್ರ ಇವರು ಮತ್ತ ಕಂಡಿಕಿ ಮುಂದ.

ಮಾವನವರು ಹುಷಾರು ಮನಷ್ಯಾ. ಲಕ್ಷ್ಮೇಶ್ವರದ ಒಬ್ಬ ಮಿಸ್ತ್ರಿ ಚಾಚಾ ಹೊಲದ ಆಯಿಲ್ ಎಂಜಿನ್ ರಿಪೇರಿ ಮಾಡಾವ್ರು, ಸಾಮಾನು ಒಯ್ಯಾಕ ಗದಗಿಗೆ ಬರ್ತಿದ್ರು. ಮಾವ ಅವರನ್ನ ಚಾದ ಅಂಗಡಿಯಾಗ ಹಿಡದು, ನೀವೂ ಬರ್ರಿ ಅಂದ್ರು. ಶೇಂಗಾದ ಸುಗ್ಗಿ, ಬೆಳ್ಳಟ್ಟಿ ಕಡೆ ಎಂಜಿನ್ ಕೆಟ್ಟು ನಿಂತಾವು, ಬರಾಕಾಗೂದಿಲ್ಲ, ಹೇಳಿಕೊಡ್ತೀನಿ ಕೇಳ್ರಿ ಅಂದ್ರಂತ ಚಾಚಾ. ಎಂಜಿನ್ ಥಣ್ಣಗಿದ್ದಾಗ ಚಾಲೂ ಮಾಡಸ್ರಿ, ಮೊದಲ ಬೆಚ್ಚಗಿದ್ರ ಏನೋ ಮುಚ್ಚಾಕತ್ತಾರ ಅಂತ ತಿಳೀರಿ. ಎಣ್ಣಿ ನೋಡ್ರಿ. ಹೊಗಿ ನೋಡ್ರಿ. ಹೊಗಿಯಾಗ ಕರೇದು, ನೀಲಿ, ಬಿಳೇದು ಅಂತ ಮೂರು ನಮೂನಿ, ಒಂದೊಂದಕ್ಕ ಒಂದೊಂದು ಅರ್ಥ.

ಮಾವ ಓದಿದಾವ್ರಲ್ಲ. ಸೀರಿ ಸೆರಗಿನ ಲೆಕ್ಕ ಎಲ್ಲಾ ದಾರದಾಗ ಗಂಟು ಹಾಕಿ ಇಟ್ಟುಕೊಳ್ಳಾವ್ರು. ಇದನ್ನೂ ಹಂಗ ಮಾಡಿದ್ರು. ಕರೀ ದಾರ, ನೀಲಿ ದಾರ, ಬಿಳೇ ದಾರ ತಗೊಂಡು, ಒಂದಕ್ಕ ಒಂದು ಗಂಟು, ಒಂದಕ್ಕ ಎರಡು, ಒಂದಕ್ಕ ಮೂರು ಹಾಕಿ ಉಡದಾರಕ್ಕ ಕಟ್ಟಿಕೊಂಡ್ರು. ಇನ್ನ ಮರಿಯೂ ಮಾತ ಇಲ್ಲ ಅಂದ್ರು.

ಮುಂಡರಗಿಯಿಂದ ನಮ್ಮಣ್ಣನ್ನ ಕರಕೊಂಡು ಹೊಳಿಗೆ ಹೋದ್ವಿ. ನನ್ನನ್ನ ಯಾಕ ಕರಕೊಂಡು ಹೋಗಿದ್ರು ಅಂದ್ರ, ಮಾವನವರ ಲೆಕ್ಕದಾಗ ಇದು ಕನ್ಯಾ ನೋಡೂ ಶಾಸ್ತ್ರ ಇದ್ದಂಗ. ಹೆಣ್ಮಕ್ಕಳು ಒಬ್ಬರರ ಇರಬೇಕು. ಹಿರೇರು ಮುಂದ ಕುಂತು ನೋಡಬೇಕು, ಕೇಳಬೇಕು. ಯಾರ ಸಲುವಾಗಿ ತರ್ತೀವೋ ಅವರು ಹಿಂದ ನಿಂತು ಬಾಯಿ ಮುಚ್ಚಿಕೊಂಡಿರಬೇಕು, ಮುಟ್ಟಬಾರದು. ಚಾ ಕುಡೀಬಹುದು, ಊಟ ಮಾತ್ರ ಮಾಡಬಾರದು. ಉಂಡ್ರ ಒಪ್ಪಿದಂಗ. ಇಷ್ಟೆಲ್ಲಾ ಬಸ್ಸಿನಾಗ ಹೇಳಿದ್ರು. ಇವರು ‘ಹೂಂ’ ಅಂದು ಟವೆಲ್ಲಿನಾಗ ಬಲಗೈ ಸುತ್ತಿಕೊಂಡ್ರು.

ದೋಣಿ ದಂಡಿಗೆ ಕಟ್ಟಿತ್ತು. ಮಾವ ಹೋದಾವ್ರ ಎಂಜಿನ್ ಮ್ಯಾಲ ಅಂಗೈ ಇಟ್ರು. ಇಟ್ಟಾವ್ರ ತಗದ್ರು. ಬಿಸಿ.

“ಯಾಕ್ರಿ, ಬೆಚ್ಚಗೈತಲ್ಲ?” ಅಂದ್ರು, ಮಾರಿ ಗಂಟು ಹಾಕಿ.

ಯಜಮಾನ ಖುಷಿಯಿಂದ ಹೇಳಿದ, “ನೀವು ಬರ್ತೀರಂತ ಮುಂಜಾನಿಂದ ಚಾಲೂ ಇಟ್ಟಿದ್ದೆ ನೋಡ್ರಿ. ಬಂದ ಬೀಗರಿಗೆ ತಂಗಳ ನೀಡ್ತೀವೇನ್ರಿ?”

ಈ ಮನಷ್ಯಾ ಭೋಳೆನೋ, ಭಾಳ ಶಾಣ್ಯಾನೋ? ಮಾರಿ ನೋಡಿದ್ರ ಭೋಳೆ. ಕೈಗೆ ಹತ್ತಿದ ಬಿಸಿ ನೋಡಿದ್ರ ಕಳ್ಳ. ಮಾವ ನನ್ನ ಮಾರಿ ನೋಡಿದ್ರು, ನಾ ನಮ್ಮಣ್ಣನ ಮಾರಿ ನೋಡಿದೆ, ನಮ್ಮಣ್ಣ ಹೊಳಿ ನೋಡಿದ. ಕಡೀಕ ಮಾವ, “ಥಣ್ಣಗಾಗಲಿ, ಕುಂಡ್ರತೀವಿ,” ಅಂದ್ರು.

ಬಿಸಿಲಾಗ ಎಂಜಿನ್ ಥಣ್ಣಗಾಗೂದು ಅಂದ್ರ ಏನು ಸಾಮಾನ್ಯನ? ಜಾಲಿ ಗಿಡದ ನೆಳ್ಳಾಗ ಕುಂತ್ವಿ. ಯಜಮಾನನ ಹೆಂಡತಿ ದಂಡಿಯ ಮ್ಯಾಲಿದ್ದ ಮನಿಯಿಂದ ಚಾ ಕಳಿಸಿದಳು, ಕುಡದ್ವಿ. ಆಮ್ಯಾಲ ತಾನ ಬಂದು, “ಏಳ್ರಿ, ಬಿಸಿ ರೊಟ್ಟಿ, ಪುಂಡಿಪಲ್ಯ ಆಗೇತಿ,” ಅಂದಳು. ಮಾವ ಕೈಮುಗದು, ಹಸಿವಿ ಇಲ್ಲವಾ ಅಂದ್ರು. ಸುಳ್ಳು! ನಸುಕಿನಾಗ ಬೆಟಗೇರಿ ಬಿಟ್ಟಾವ್ರು ನಾವು. ಆ ಪಲ್ಯದ ಒಗ್ಗರಣಿ ವಾಸನಿ ದಂಡಿ ತನಕ ಬರ್ತಿತ್ತು. ಆಕಿ ಪಾಪ ಮತ್ತೊಮ್ಮಿ ಬಂದು ಕರದಳು. ಮಾವ ಮತ್ತ ಹಸಿವಿ ಇಲ್ಲ ಅಂದ್ರು. ಆಕಿ ಮಾರಿ ಸಪ್ಪಗ ಮಾಡಿಕೊಂಡು ಹೋದಳು, ನಮ್ಮ ಕೈಯಾಗ ಉಣ್ಣಾಕ ಇವರಿಗೇನು ಧಾಡಿ ಅಂತ ತಿಳಕೊಂಡಿರಬೇಕು.

ಥಣ್ಣಗಾದ ಮ್ಯಾಲ ಎಣ್ಣಿ ನೋಡಿದ್ರು. ಎಣ್ಣಿ ಅಳಿಯೂ ಕಡ್ಡಿ ಜಗ್ಗಿ ಧೋತರದ ಚುಂಗಿಗೆ ಒರಸಿದ್ರು. ಕಾಡಿಗಿಯಂಗ ಕರ್ರಗ ಹತ್ತಿತು. “ಬಣ್ಣ ಕೆಟ್ಟೈತಿ,” ಅಂದ್ರು ಮಾವ. ನೂಲಿಗೆ ಬಣ್ಣ ಹಾಕಿಸಿ ಗೊತ್ತಿದ್ದಾವ್ರು, ಬಣ್ಣ ಕೆಟ್ರ ಮಾಲ ಕೆಟ್ಟಂಗ ಅವರಿಗೆ. “ಡೀಸೆಲ್ ಎಂಜಿನ್ ಎಣ್ಣಿ ಕರ್ರಗ ಇರ್ತೈತ್ರಿ,” ಅಂದ ಯಜಮಾನ. “ಮಾರಾವ ಮತ್ತೇನಂತಾನ?” ಅಂತ ಮಾವ ನನ್ನ ಕಿವ್ಯಾಗ ಅಂದ್ರು. ಅಷ್ಟರಾಗ ಅವರಿಗೆ ನೆನಪಾತು, ಎಣ್ಣಿ ತುಪ್ಪದಂಗ ಹೊಳದ್ರ ಹುಷಾರು ಅಂತನೂ ಚಾಚಾ ಅಂದಿದ್ರಂತ, ಐಬು ಮುಚ್ಚಾಕ ಈಗಷ್ಟ ಬದಲಿ ಮಾಡ್ಯಾರ ಅಂತ ಅರ್ಥ ಅಂತ. ಹಂಗಾರ ಕರೇದು ಚಲೋನೋ? ನನಗಂತೂ ತಲಿ ಗಿರ್ ಅಂತು. ಬೆಚ್ಚಗಿದ್ರೂ ತಪ್ಪು, ಕರ್ರಗಿದ್ರೂ ತಪ್ಪು, ಹೊಳದ್ರೂ ತಪ್ಪು. ಸೊಸಿ ನೋಡಾಕ ಬಂದ ಅತ್ತಿನೂ ಇಷ್ಟು ಕೊಂಕು ತಗಿಯೂದಿಲ್ಲ.

“ಚಾಲೂ ಮಾಡಪ್ಪ,” ಅಂದ್ರು ಮಾವ ನಮ್ಮಣ್ಣಗ. ಅಂವ ಗಟ್ಟಿ ಆಳು. ಯಜಮಾನ ತೋರಿಸಿಕೊಟ್ಟ. ಎಂಜಿನ್ ತಲಿ ಮ್ಯಾಲ ಒಂದು ಸಣ್ಣ ಲಿವರ್, ಅದನ್ನ ಎತ್ತಿ ಹಿಡದ್ರ ಹ್ಯಾಂಡಲ್ ಹಗರಾಗಿ ತಿರಗತೈತಿ. ಒಂದು ಕೈಲೆ ಲಿವರ್ ಎತ್ತಿ ಹಿಡದು, ಇನ್ನೊಂದು ಕೈಲೆ ಹ್ಯಾಂಡಲ್ ಗರಗರ ತಿರುವಿ, ಗಾಲಿಗೆ ವೇಗ ಬಂದ ಕೂಡಲೇ ಲಿವರ್ ಬಿಡಬೇಕು. ಆವಾಗ ಎಂಜಿನ್ ಹಿಡೀತೈತಿ. ನಮ್ಮಣ್ಣ ಎರಡು ಕೈಲೆ ಹಂಗ ಮಾಡಿದ. ಡುಗ್, ಡುಗ್, ಡುಗುಡುಗು ಅಂತ ಹಿಡೀತು.

ಹೊಗಿ ಬಂತು. ಮೊದಲ ಬೆಳ್ಳಗ. ಮಾವ ಉಡದಾರದಿಂದ ಬಿಳೇ ದಾರ ಹಿಡದ್ರು. ಅಷ್ಟರಾಗ ಹೊಗಿ ಕರ್ರಗಾತು. ಕರೀ ದಾರ ಹಿಡದ್ರು. ಅದು ತಿಳಿಯಾಗಿ ನೀಲಿ ಕಂಡಂಗಾತು. ನೀಲಿ ಅಂದ್ರು ಮಾವ, ಬೂದಿಬಣ್ಣ ಅಂದ ನಮ್ಮಣ್ಣ, ಹೊಗಿನ ಇಲ್ಲಲ್ರಿ ಅಂದ ಯಜಮಾನ.

“ಬಿಳೇದಕ್ಕ ಮೂರು ಗಂಟು ಅದಾವು,” ಅಂದ್ರು ಮಾವ.

“ಮೂರು ಗಂಟು ಅಂದ್ರ ಚಲೋನೋ, ಕೆಟ್ಟೋ?” ಅಂದ ನಮ್ಮಣ್ಣ.

ಮಾವ ಮೂರೂ ದಾರ ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು. ಗಂಟು ಹಾಕಿದ್ದು ನೆನಪೈತಿ, ಎದಕ್ಕ ಹಾಕಿದ್ರು ಅನ್ನೂದು ಮರತೈತಿ! ಬಟ್ಟಿಯಾಗ ಗಂಟು ಅಂದ್ರ ಹರದ ನೂಲು, ಅಂದ್ರ ಐಬು. ಹಂಗ ನೋಡಿದ್ರ ಹೆಚ್ಚು ಗಂಟು ಭಾಳ ಕೆಟ್ಟ. ಆದ್ರ ಸೆರಗಿನ ಲೆಕ್ಕದಾಗ ಗಂಟು ಅಂದ್ರ ಸರಿ ಬಂತು ಅನ್ನೂ ಗುರುತು. ಹಂಗ ನೋಡಿದ್ರ ಹೆಚ್ಚು ಗಂಟು ಭಾಳ ಚಲೋ. ಯಾವ ಲೆಕ್ಕದಾಗ ಹಾಕಿದ್ರೋ ಮಾವನವರ ದೇವ್ರಿಗೇ ಗೊತ್ತು. ಎಪ್ಪಾ, ಎಂಥಾ ಮಂದಿ ನಾವು! ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮಾವ ದಾರ ಕೈಬಿಟ್ರು. ಆಮ್ಯಾಲ ಸಣ್ಣ ದನಿಲೆ, “ತಿಳೀವಲ್ದು. ತಿಳೀದ್ದನ್ನ ತಗೋಬಾರದು. ಬ್ಯಾಡ ಬಿಡ್ರಿ,” ಅಂದ್ರು. ಯಜಮಾನ ಎಂಜಿನ್ ಬಂದ್ ಮಾಡಿದ.

ನಾ ಹಿಂದ ಹೊಳ್ಳಿ ನೋಡಿದೆ. ನಮ್ಮ ಮನಿಯವರು ಜಾಲಿ ಗಿಡದ ಹತ್ರ ಮುಂಜಾನಿ ನಿಂತಲ್ಲೇ ನಿಂತಿದ್ರು. ಟವೆಲ್ಲು ಬಿಗದು ಬಿಗದು ಸುತ್ತಿಕೊಳ್ಳಾಕತ್ತಿದ್ರು. ಯಾರಿಗಂತ ಇದನ್ನೆಲ್ಲಾ ನೋಡಾಕತ್ತಿದ್ವೋ ಅವರನ್ನ ಒಂದು ಮಾತು ಯಾರೂ ಕೇಳಿದ್ದಿಲ್ಲ.

“ಮಾವಾರ, ಓಡಸಾವ್ರು ಅವರು. ಅವರು ಒಮ್ಮಿ ಚಾಲೂ ಮಾಡ್ಲಿ,” ಅಂದೆ. ಮಾವನ ಮುಂದ ನಾ ದನಿ ಎತ್ತಿ ಮಾತಾಡಿದ್ದು ಅದ ಮೊದಲು. ಅವರು ಗಾಬರಿಯಾಗಿ ನೋಡಿದ್ರು, ಬ್ಯಾಡ ಅನ್ನಲಿಲ್ಲ.

ಇವರು ಬಂದ್ರು. ಟವೆಲ್ಲು ತಗದು ಹೆಗಲಿಗೆ ಹಾಕಿದ್ರು. ಎಡಗೈಲೆ ಹ್ಯಾಂಡಲ್ ಹಿಡದ್ರು. ಬಲಗೈ ಲಿವರಿಗೆ ಒಯ್ದ್ರು. ಆವಾಗ ತಿಳೀತು ನಮಗೆಲ್ಲಾ. ಚುಕ್ಕಾಣಿಗೆ ಒಂದು ಕೈ ಸಾಕು, ಖರೆ. ಚಾಲೂ ಮಾಡಾಕ ಎರಡು ಬೇಕು. ಮುಂಜಾನಿಂದ ಬಿಸಿ, ಎಣ್ಣಿ, ಹೊಗಿ, ಗಂಟು ಎಲ್ಲಾ ನೋಡಿದ್ವಿ. ಇದನ್ನ ಯಾರೂ ನೋಡಿದ್ದಿಲ್ಲ. ಮಡಚದ ಬೆರಳು ಲಿವರ್ ಮ್ಯಾಲಿಂದ ಜಾರಿದ್ವು. ಮತ್ತೊಮ್ಮಿ ಹಿಡದ್ರು, ಹ್ಯಾಂಡಲ್ ತಿರುವಿದ್ರು, ಗಾಲಿಗೆ ವೇಗ ಬರೂದರಾಗ ಮತ್ತ ಜಾರಿತು, ಹ್ಯಾಂಡಲ್ ಗಕ್ಕನ ನಿಂತು ತಿರುಗಿ ಹೊಡೀತು. ನಮ್ಮಣ್ಣ ಮುಂದ ಹೋದ. “ದೂರ ಸರಿ,” ಅಂದ್ರು ಇವರು. ಆ ದನಿ ಕೇಳಿ ಅಂವ ಹಿಂದ ಸರದ. ಇವರ ಕಣ್ಣಾಗ ನೀರು ನಿಂತಿತ್ತು, ಒರಸಿಕೊಳ್ಳಾಕ ಕೈ ಖಾಲಿ ಇದ್ದಿಲ್ಲ.

ನಾ ಸೀರಿ ಮ್ಯಾಲ ಕಟ್ಟಿ ದೋಣಿಯಾಗ ಇಳದೆ. ಯಜಮಾನ, “ತಂಗಿ, ಬ್ಯಾಡವಾ, ಗಾಲಿ ಸೆರಗು ಜಗ್ಗೀತು,” ಅಂದ. ಸೆರಗು ಸೊಂಟಕ್ಕ ಬಿಗದು ಸಿಗಿಸಿ ಲಿವರ್ ಎತ್ತಿ ಹಿಡದೆ. ಇವರ ಮಾರಿ ನೋಡಿದೆ. ಮದುವ್ಯಾದ ಹೊಸತರಾಗ ಮಗ್ಗಕ್ಕ ನೂಲಿನ ಹೊಸ ಹಾಸು ಕಟ್ಟೂ ಮುಂದ ನಾವಿಬ್ಬರೂ ಹಿಂಗ ನಿಲ್ಲತಿದ್ವಿ, ಇವರು ಜಗ್ಗಾವ್ರು, ನಾ ಹಿಡಿಯಾಕಿ, ಇವರು ‘ಬಿಡು’ ಅಂದಾಗ ಬಿಡಾಕಿ. ಇವರು ಎಡಗೈಲೆ ತಿರುವಿದ್ರು. ಒಂದು ಸುತ್ತು, ಇನ್ನೊಂದು, ಗಾಲಿ ಗುಂಯ್ ಅಂತು.

“ಬಿಡು!”

ಬಿಟ್ಟೆ. ಡುಗ್ ಅಂತು. ಡುಗ್, ಡುಗ್, ಡುಗುಡುಗು ಅಂತ ಹಿಡದ ಬಿಡ್ತು. ದೋಣಿ ನನ್ನ ಕಾಲ ಕೆಳಗ ನಡುಗಾಕತ್ತಿತು. ಇವರು ಹ್ಯಾಂಡಲ್ ಕೈಯಾಗ ಹಿಡದು ನನ್ನ ಕಡೆ ನೋಡಿ ನಕ್ರು. ಪಟ್ಟಾಕ ಕೈ ಸಿಕ್ಕ ಮ್ಯಾಲ ಇವರು ನಕ್ಕದ್ದು ನಾ ನೋಡಿದ್ದಿಲ್ಲ.

“ಹೊಗಿ ಯಾವ ಬಣ್ಣದ್ದು ಬಂತು?” ಅಂದ್ರು ಮಾವ.

ನಾ ನಮ್ಮಣ್ಣನ ಕಡೆ ನೋಡಿದೆ, ನಮ್ಮಣ್ಣ ಯಜಮಾನನ ಕಡೆ. ಯಾರೂ ನೋಡಿದ್ದಿಲ್ಲ. ಮಾವನೂ ನೋಡಿದ್ದಿಲ್ಲ, ಅದಕ್ಕ ಕೇಳಾಕತ್ತಿದ್ರು. ಅವರು ಉಡದಾರದ ಮೂರೂ ದಾರ ಬಿಚ್ಚಿ ಹೊಳಿಗೆ ಬಿಟ್ರು. ಆಮ್ಯಾಲ ದಂಡಿಯ ಮ್ಯಾಲ ನಿಂತಿದ್ದ ಯಜಮಾನನ ಹೆಂಡತಿ ಕಡೆ ಹೊಳ್ಳಿ, “ಹಸಿವಿ ಆಗೇತವಾ,” ಅಂದ್ರು. “ಎಲ್ಲಾರಿಗೂ ಊಟಕ್ಕ ನೀಡು.”